ಕಲ್ಹೇರಿನ ಕುರಿಗಳನ್ನು ಅಳಿಸಿದ ತಂತ್ರಾಂಶಕ್ಕೆ

ಉಲ್ಲೇಖಗಳ ಕಾವಲುಗಾರರೂ ನಕಲುಗಳ ಕಡುವೈರಿಗಳೂ ಆದ ಮಾನ್ಯ ತಂತ್ರಾಂಶದವರೇ,

ಕಲ್ಹೇರಿನ ಕುರಿಗಾರರ ಮಗಳು, ಪಶುವೈದ್ಯ ಸಂಶೋಧನೆಯ ವಿದ್ಯಾರ್ಥಿನಿ ಶಿರೀಷಾ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಹ್ಯಾಂಗ್ ಆಗದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ಕುರಿಗಳ ಜಂತುಹುಳಕ್ಕೆ ಕುಡಿಸುವ ಒಂದು ಔಷಧದ ಬಗ್ಗೆ ಜಗತ್ತಿನಲ್ಲಿ ಬಂದ ಅಧ್ಯಯನಗಳನ್ನೆಲ್ಲ ಸೋಸಿ, ಅದನ್ನು ಗಬ್ಬದ ಕುರಿಗೆ ಕೊಡಬಹುದೋ ಬಾರದೋ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೂರು ಸಾವಿರ ಚಿಲ್ಲರೆ ಲೇಖನಗಳನ್ನು ತಮ್ಮ ಮಡಿಲಿಗೆ ಸುರಿದೆ. ನಾನೊಂದು ಲೋಟ ಚಹಾ ಕುಡಿಯುವಷ್ಟರಲ್ಲಿ ತಾವು ಎಂಟುನೂರನ್ನು ನಕಲೆಂದು ಹೊರಗಟ್ಟಿದಿರಿ. ಆಹಾ, ಏನು ಚುರುಕು!

ಆ ಎಂಟುನೂರರಲ್ಲಿ ನಮ್ಮೂರಿನದೂ ಒಂದಿತ್ತು. ಒಬ್ಬರೇ ಡಾಕ್ಟರು, ಒಂದೇ ವರ್ಷ, ಬಶೀರಾಬಾದಿನಲ್ಲೊಂದು ಕಲ್ಹೇರಿನಲ್ಲೊಂದು ಅಧ್ಯಯನ ಮಾಡಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ತಲೆಬರಹ ಕೊಟ್ಟಿದ್ದರು. ಬಶೀರಾಬಾದಿನ ಗಬ್ಬವಿಲ್ಲದ ಕುರಿಗಳು ಔಷಧ ಕುಡಿದು ಗುಂಡುಗುಂಡಾದವು. ನಮ್ಮಪ್ಪ ಖಂಡೆಪ್ಪನ ಹಿಂಡಿನಲ್ಲಿ ಅದನ್ನೇ ಕುಡಿದ ಹದಿನಾಲ್ಕು ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕಿದವು, ಅಪ್ಪ ಎರಡು ದಿನ ಉಣ್ಣಲಿಲ್ಲ. ತಾವು ಗುಂಡಾದವನ್ನು ಉಳಿಸಿಕೊಂಡಿರಿ. ಮನೆಯಲ್ಲಿ ಕಂಡದ್ದಕ್ಕಿಂತ ತಮ್ಮನ್ನೇ ಹೆಚ್ಚು ನಂಬಿ ನಾನು ಅಪಾಯವೇನಿಲ್ಲವೆಂದು ಬರೆದೆ, ಜಹೀರಾಬಾದ್, ನಾರಾಯಣಖೇಡ ಕಡೆಯ ಕುರಿಗಾರರಿಗೆ ಹಂಚಲು ಕರಪತ್ರವೂ ಅಚ್ಚಿಗೆ ಸಿದ್ಧವಾಯಿತು.

ಹೆಮ್ಮೆಯಿಂದ ಅದನ್ನು ಅವ್ವ ಸುಭದ್ರಮ್ಮನಿಗೆ ಓದಿ ಹೇಳಿದೆ. ‘ನಮ್ಮ ಕುರಿ ಕಂದ ಹಾಕಿದ್ದು ಇದರಾಗ ಎಲ್ಲಿ ಅದ, ಯವ್ವಾ?’ ಎಂದಳು. ನಾಚಿಕೆಯಿಂದ ಕರಪತ್ರ ಮಡಚಿಟ್ಟು, ತಾವು ಹೊರಗಟ್ಟಿದ ಪಟ್ಟಿ ತೆರೆದು ಹುಡುಕಿದೆ, ಕಲ್ಹೇರು ಅಲ್ಲಿ ಬಿದ್ದಿತ್ತು.

ಆದ್ದರಿಂದ ತಾವು ಒಮ್ಮೆ ಕಲ್ಹೇರಿಗೆ ದಯಮಾಡಿಸಬೇಕು. ಕೆರೆಯಲ್ಲಿ ನೀರು ಕುಡಿಯುವಾಗ ಎರಡು ಹಿಂಡು ಕಲೆತುಹೋಗುತ್ತವೆ. ಎಲ್ಲವೂ ಕರಿ ಕುರಿ, ಎಲ್ಲವೂ ಒಂದೇ ತಳಿ. ಅವ್ವ ಮುಖ ನೋಡಿಯೇ ಬೇರೆ ಮಾಡುತ್ತಾಳೆ, ಒಂದೂ ತಪ್ಪುವುದಿಲ್ಲ. ತಾವು ಪಕ್ಕದಲ್ಲಿ ಕುಳಿತು ಕಲಿಯಿರಿ. ಆದರೆ ಹಳೇ ಚಾಳಿಯಂತೆ ಒಂದು ಕುರಿಯನ್ನೂ ಅಳಿಸಬೇಡಿ, ಕುರಿಯವರು ಬಡಿಗೆ ಹಿಡಿದು ಬರುತ್ತಾರೆ, ಬಡಿಗೆಗೆ ‘ರದ್ದುಮಾಡು’ ಗುಂಡಿ ಇರುವುದಿಲ್ಲ.

ಇಂತಿ, ಇಟ್ಟ ವಿಶ್ವಾಸವನ್ನು ಈಗಷ್ಟೇ ಹಿಂದಕ್ಕೆ ಪಡೆದಿರುವ
ತಮ್ಮ ವಿಶ್ವಾಸಿ,
ಶಿರೀಷಾ

ಮರೆತ ಮಾತು: ಕರಪತ್ರ ನಿಲ್ಲಿಸಿದ್ದೇನೆ, ಕಲ್ಹೇರಿನ ಅಧ್ಯಯನ ಸೇರಿಸಿ ಎಲ್ಲವನ್ನೂ ಹೊಸದಾಗಿ ಬರೆಯುತ್ತಿದ್ದೇನೆ. ಈ ಪತ್ರವನ್ನೂ ಅವ್ವನಿಗೆ ಓದಿದೆ. ‘ಅಳಿಸೋ ಮೊದಲ ಅದು ನಿನಗ ಕೇಳಿಲ್ಲೇನು?’ ಎಂದಳು. ಕೇಳಿದ್ದಿರಿ. ಎಂಟುನೂರು ಜೋಡಿಗಳನ್ನೂ ಮುಂದಿಟ್ಟು ‘ಖಚಿತವೇ?’ ಎಂದು ವಿನಯದಿಂದ ಕೇಳಿದ್ದಿರಿ, ನಾನು ಒಂದು ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡು ‘ಎಲ್ಲಕ್ಕೂ ಹೌದು’ ಒತ್ತಿದ್ದೆ. ಅವ್ವ ವಿಚಾರಿಸಲು ಬಂದರೆ ದಯವಿಟ್ಟು ನಾನು ‘ಹೌದು’ ಒತ್ತಿದ ಆ ಒಂದು ದಾಖಲೆಯನ್ನೂ ನಕಲೆಂದು ಅಳಿಸಿಬಿಡಿ.