ಸಕ್ಕರೆ ಬಿಟ್ಟವನ ಕೊಪ್ಪರಿಗೆ

ಪಾಲ್ಮೀರಾದಲ್ಲಿ ಹುಟ್ಟಿ ಬೆಳೆದವನಿಗೆ ಸಕ್ಕರೆ ಬಿಡು ಎನ್ನುವುದೂ ಒಂದೇ, ಊರು ಬಿಡು ಎನ್ನುವುದೂ ಒಂದೇ. ನಮ್ಮೂರಿನ ನಾಲ್ಕೂ ದಿಕ್ಕಿಗೆ ಕಬ್ಬು. ಗದ್ದೆಗೆ ಬೆಂಕಿ ಹಚ್ಚಿದ ದಿನ ಒಣಗಹಾಕಿದ ಅಂಗಿಯ ಮೇಲೂ ಕಬ್ಬಿನ ಬೂದಿ ಉದುರುತ್ತದೆ. ಇಂಥ ಊರಿನಲ್ಲಿ ನನ್ನ ಹೆಂಡತಿ ಫಾನೇರಿ, ಕಳೆದ ನವೆಂಬರಿನ ಒಂದು ಸೋಮವಾರ, ನಾನಿನ್ನೂ ಹಲ್ಲುಜ್ಜುತ್ತಿರುವಾಗಲೇ ಬಂದು ಸಕ್ಕರೆಯನ್ನು ನನ್ನ ಬಾಳಿನಿಂದ ಗಡೀಪಾರು ಮಾಡಿದಳು. (ಹಲ್ಲಿನ ಪೇಸ್ಟೂ ಸಿಹಿಯಂತೆ. ಅದನ್ನೂ ಕಸಿದುಕೊಂಡು ಉಪ್ಪು ಕೊಟ್ಟಳು.)

ಕಾರಣ, ನನ್ನ ಆತಂಕ. ಸುಳ್ಳೇಕೆ ಹೇಳಲಿ, ನಾನು ವೃತ್ತಿಯಲ್ಲಿ ಕ್ಷೌರಿಕ, ಪ್ರವೃತ್ತಿಯಲ್ಲಿ ಪುಕ್ಕಲ. ಅಡುಗೆ ಅನಿಲ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡಿ ಬರುತ್ತೇನೆ. ಫೋನು ಬಂದರೆ ಯಾರು ಸತ್ತರೋ ಎಂದು ಎದೆ ಡವಡವ, ಬರದಿದ್ದರೆ ಹೇಳಲಿಕ್ಕೂ ಯಾರೂ ಉಳಿದಿಲ್ಲವೇನೋ ಎಂದು ಡವಡವ. ಹಿಂದಿನ ಶನಿವಾರ ನಿವೃತ್ತ ಮೇಷ್ಟ್ರು ದೋನ್ ಎವೆಲಿಯೊ ಅವರ ಮೀಸೆ ತಿದ್ದುತ್ತಿದ್ದಾಗ ಬೀದಿಯಲ್ಲಿ ಯಾವನೋ ಪಟಾಕಿ ಹೊಡೆದ. ಮೂವತ್ತು ವರ್ಷ ಸಾಕಿದ ಮೀಸೆ, ಬಲಗಡೆಯದು, ನನ್ನ ಕೈಗೆ ಬಂತು. ಮೇಷ್ಟ್ರು ಕನ್ನಡಿ ನೋಡಿಕೊಂಡರು. ಬೈಯಲಿಲ್ಲ. ಎಡಗಡೆಯದನ್ನೂ ತೆಗೆದುಬಿಡು ಮಗನೇ ಎಂದು ಕಣ್ಣು ಮುಚ್ಚಿಕೊಂಡರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

"ಫೋನಿನಲ್ಲಿ ಒಬ್ಬ ಡಾಕ್ಟರಮ್ಮ ಬರ್ತಾಳೆ," ಅಂದಳು ಫಾನೇರಿ. "ಸಕ್ಕರೆ ತಿಂದ್ರೆ ರಕ್ತದಲ್ಲಿನ ಸಕ್ಕರೆ ಏರುತ್ತೆ, ಇಳಿಯುತ್ತೆ, ಏರುತ್ತೆ, ಇಳಿಯುತ್ತೆ. ಅದರ ಜೊತೆ ಮನಸ್ಸೂ ಏರಿ ಇಳಿಯುತ್ತಂತೆ. ಗಾಬರಿಗೆ ಅದೇ ಮೂಲ ಅಂತಾಳೆ."

"ಫಾನೇರಿ, ನಮ್ಮಪ್ಪನೂ ಹೆದರುಪುಕ್ಕಲನೇ. ಅದು ವಂಶದ ಆಸ್ತಿ."

"ನಿಮ್ಮಪ್ಪ ದಿನಕ್ಕೆ ಅರ್ಧ ಅಚ್ಚು ಬೆಲ್ಲ ನೀರಲ್ಲಿ ಕರಗಿಸಿ ಕುಡೀತಿದ್ರು! ಬರೀ ಸಿಹಿ ಅಲ್ಲ ಮಾರಾಯ, ಅನ್ನ, ಆಲೂಗಡ್ಡೆ, ಅರೆಪಾ ರೊಟ್ಟಿ, ಬಾಳೆಕಾಯಿ, ಎಲ್ಲಾ ಒಳಗೆ ಹೋಗಿ ಸಕ್ಕರೆನೇ ಆಗೋದು."

"ಹಾಗಾದ್ರೆ ತಿನ್ನೋದೇನು?"

"ಮೊಟ್ಟೆ."

ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆ ಬರಿದಾಗಿತ್ತು. ಅಕ್ಕಿ, ಬೆಲ್ಲದಚ್ಚು, ಜೋಳದ ಹಿಟ್ಟು ಎಲ್ಲವೂ ಎರಡು ಚೀಲ ಸೇರಿ ಅವಳ ಅಣ್ಣ ಎಬೆರ್ತೊನ ಮನೆಗೆ ಹೋದವು. (ಎಬೆರ್ತೊಗೆ ಆತಂಕವಿಲ್ಲ. ಆತಂಕವಾಗಲು ಸ್ವಲ್ಪ ಯೋಚನೆ ಮಾಡಬೇಕಾಗುತ್ತದೆ.) ಭಾನುವಾರದ ಸಾಂಕೋಚೊ ಸಾರಿನಿಂದ ಗೆಡ್ಡೆ, ಜೋಳ, ಬಾಳೆಕಾಯಿ ಎಲ್ಲ ಮಾಯವಾಗಿ, ಕೋಳಿ ಸ್ನಾನ ಮಾಡಿ ಎದ್ದುಹೋದ ನೀರು ಮಾತ್ರ ತಟ್ಟೆಯಲ್ಲಿ ಉಳಿಯಿತು.

ಮೂರು ದಿನ ಪಾಲಿಸಿದೆ, ದೇವರಾಣೆ. ತಲೆ ಸಿಡಿಯಿತು, ಕೈ ಕಾಲು ಸೋತವು, ಗಿರಾಕಿಗಳ ಮೇಲೆ ಸಿಡುಕಿದೆ. ನಾಲ್ಕನೆಯ ದಿನ ಬೆಳಗ್ಗೆ ಹತ್ತಕ್ಕೆ ಮೂಲೆಯ ಬೇಕರಿಯಿಂದ ಪಾಂಡೆಬೋನೊ ವಾಸನೆ ಬಂತು. ಗಿಣ್ಣು, ಮರಗೆಣಸಿನ ಹಿಟ್ಟು, ಆಗ ತಾನೇ ಒಲೆಯಿಂದ ತೆಗೆದ, ಬಳೆಯಂಥ ಬಿಸಿ ಬಿಸಿ ಬನ್ನು. ಕಾಲು ತಾವಾಗಿ ಹೋದವು, ಅದಕ್ಕೆ ನಾನು ಹೊಣೆಯಲ್ಲ. ಎರಡು ಕಟ್ಟಿಸಿಕೊಂಡು ಬಂದು, ನನ್ನದೇ ಕುರ್ಚಿಯಲ್ಲಿ ಕೂತು, ಕ್ಷೌರದ ಬಿಳಿ ಬಟ್ಟೆಯನ್ನು ಕುತ್ತಿಗೆಗೆ ಕಟ್ಟಿಕೊಂಡು, ಮುಖದ ಮೇಲೆ ಒದ್ದೆ ಟವೆಲ್ಲು ಹಾಕಿಕೊಂಡು ಅದರ ಅಡಿಯಲ್ಲೇ ಎರಡನ್ನೂ ಮುಗಿಸಿದೆ. ಅಂದಿನಿಂದ ಅದು ನಿತ್ಯವಿಧಿಯಾಯಿತು. ಅಂಗಡಿಗೆ ಹೊಂದಿಕೊಂಡ ನಮ್ಮ ಮನೆಯ ಕಿಟಕಿಯ ಬಳಿ ಹೊಲಿಗೆ ಮೆಷಿನ್ನು ಇಟ್ಟುಕೊಂಡು ಕೂರುವ ಫಾನೇರಿ ಒಮ್ಮೆ ಇಣುಕಿ, "ಪಾಪ, ಸುಸ್ತಾಗಿದ್ದಾನೆ" ಅಂದದ್ದೂ ಉಂಟು.

ಕದ್ದು ತಿನ್ನಲಾಗದೆ ಹೋದದ್ದು ಒಂದೇ. ಕುಡಿಯುವುದು. ನಮ್ಮ ಬೀದಿಗೆ ದೋನ್ಯಾ ರುಬಿಯೇಲಾ ಗಾಡಿ ತಳ್ಳಿಕೊಂಡು ಬಂದು ಟಿಂಟೊ ಮಾರುತ್ತಾಳೆ. ಹಾಲಿಲ್ಲದ ಕರಿ ಕಾಫಿ, ಫ್ಲಾಸ್ಕಿನಲ್ಲೇ ಬೆಲ್ಲ ಕಲಸಿ ತಂದಿರುತ್ತಾಳೆ, ಬೆಲ್ಲವಿಲ್ಲದ್ದು ಬೇಕೆಂದರೆ ಅವಳ ಅಪ್ಪನಿಗೆ ಬೈದಷ್ಟು ಕೋಪ. ಗಾಡಿ ನಿಲ್ಲುವುದು ಸರಿಯಾಗಿ ಫಾನೇರಿಯ ಕಿಟಕಿಯ ಕೆಳಗೆ. ಮೊದಲೆಲ್ಲ ಕುರ್ಚಿಗೆ ಬಂದ ಪ್ರತಿ ಗಿರಾಕಿಯೂ "ದೋನ್ ಅರ್ನೋಬಿಯೊ, ಒಂದು ಟಿಂಟೊ ಆಗಲಿ" ಎಂದು ಕೊಡಿಸುವುದು, ನಾನು ಬೇಡವೆಂದರೆ ಅವಮಾನ, ಹಾಗಾಗಿ ಕುಡಿಯುವುದು. ಈಗ ಹೆಂಡತಿಯ ಸೂಜಿಯ ಮೊನೆಯಲ್ಲಿ ಬೆಲ್ಲದ ಕಾಫಿ ಕುಡಿಯುವ ಗಂಡಸು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ.

ಆಶ್ಚರ್ಯ ಕೇಳಿ. ಎರಡನೆಯ ವಾರಕ್ಕೆ ನನ್ನ ಎದೆ ಸುಮ್ಮನಾಯಿತು! ಪಟಾಕಿ ಹೊಡೆದರೆ ಹೊಡೆದುಕೊಳ್ಳಲಿ ಎನಿಸಿತು. ಕತ್ತಿ ಹಿಡಿದ ಕೈ ಬಂಡೆಯಂತೆ ನಿಂತಿತು. ದೋನ್ ಎವೆಲಿಯೊ ಹೊಸ ಮೀಸೆಯ ಚಿಗುರನ್ನು ನನಗೇ ಒಪ್ಪಿಸಿದರು. ಫಾನೇರಿಯ ಸಂಭ್ರಮ ಏನು ಹೇಳಲಿ! ಬೀದಿಯ ಹೆಂಗಸರನ್ನೆಲ್ಲ ಕರೆದು ನನ್ನ ಕೈ ಚಾಚಿಸಿ, ಅದರ ಮೇಲೆ ಒಂದು ಚಮಚ ಇಟ್ಟು, "ಅಲ್ಲಾಡುತ್ತಾ ನೋಡಿ, ಅಲ್ಲಾಡುತ್ತಾ?" ಎಂದು ಪ್ರದರ್ಶನ ಏರ್ಪಡಿಸಿದಳು. ಒಂದೇ ವಾರದಲ್ಲಿ ಏಳು ಮನೆಯ ಗಂಡಸರ ತಟ್ಟೆಯಿಂದ ಅನ್ನ ಎದ್ದು ಹೋಯಿತು. ಅವರೆಲ್ಲ ಕ್ಷೌರಕ್ಕೆ ಬಂದರೂ ನನ್ನ ಜೊತೆ ಮಾತು ಬಿಟ್ಟರು. ಬಸ್ಸು ಓಡಿಸುವ ಪಕ್ಕದ ಮನೆಯವನು ಮಾತ್ರ ಬಾಯಿಬಿಟ್ಟು, "ನಿನ್ನ ಶಾಂತಿಗೆ ಬೆಂಕಿ ಬೀಳ" ಅಂದ.

ಅಷ್ಟಾದರೂ ನಾನು ಮೌನವಾಗಿಯೇ ಇರುತ್ತಿದ್ದೆ, ಡಿಸೆಂಬರ್ ಬರದಿದ್ದರೆ.

ಡಿಸೆಂಬರ್ ಹದಿನಾರಕ್ಕೆ ಕ್ರಿಸ್ಮಸ್ಸಿನ ಒಂಬತ್ತು ದಿನದ ಪ್ರಾರ್ಥನೆ ಶುರು. ಮೊದಲ ದಿನ ಬೀದಿಯ ಎಲ್ಲ ಮನೆಗೂ ಹಂಚುವ ಮನ್ಹಾರ್ ಎಂಬ ಹಾಲಿನ ಸಿಹಿ ಆಗುವುದು ನಮ್ಮ ಹಿತ್ತಲಲ್ಲಿ, ನಮ್ಮ ಮಾವನ ಕಾಲದ ತಾಮ್ರದ ಕೊಪ್ಪರಿಗೆಯಲ್ಲಿ. ಮೂವತ್ತು ಲೀಟರ್ ಹಾಲು, ಗುಡ್ಡೆ ಸಕ್ಕರೆ, ಅರೆದ ಅಕ್ಕಿ, ಕೆಳಗೆ ಸೌದೆ. ಐದು ಗಂಟೆ ಕಾಲ ಮರದ ಹುಟ್ಟಿನಿಂದ ಒಂದೇ ದಿಕ್ಕಿಗೆ ತಿರುವಬೇಕು. ಕೈ ಬದಲಾದರೆ ಹಾಲು ಒಡೆಯುತ್ತದೆ ಎಂದು ನಮ್ಮವರ ನಂಬಿಕೆ. ಅದಕ್ಕೇ ಹಿಡಿದವನೇ ಕೊನೆಯವರೆಗೂ ಹಿಡಿಯಬೇಕು, ಕೊನೆಗೆ ಕೊಪ್ಪರಿಗೆಯ ತಳ ಕೆರೆದು ತಿನ್ನುವ ಹಕ್ಕೂ ಅವನದೇ. ಇಪ್ಪತ್ತೆರಡು ವರ್ಷದ ಹಿಂದೆ ಮಾವ ಹಾಸಿಗೆ ಹಿಡಿದಾಗ ಆ ಹುಟ್ಟನ್ನು ಸ್ವಂತ ಮಗ ಎಬೆರ್ತೊಗೆ ಕೊಡದೆ ನನ್ನ ಕೈಗೆ ಕೊಟ್ಟರು. "ಇವನು ಹೆದರ್ತಾನೆ, ಸೀಯೋಕೆ ಬಿಡಲ್ಲ" ಅಂದಿದ್ದರು. ನನ್ನ ಜನ್ಮದಲ್ಲಿ ನನ್ನ ಪುಕ್ಕಲುತನವನ್ನು ಹೊಗಳಿದವರು ಅವರೊಬ್ಬರೇ. ಆ ಹುಟ್ಟು ಹಿಡಿದ ದಿನ ನಾನು ಬೀದಿಗೆ ಮರ್ಯಾದಸ್ಥ, ಉಳಿದ ದಿನ ಫಾನೇರಿಯ ಗಂಡ.

"ಈ ವರ್ಷ ಎಬೆರ್ತೊ ತಿರುವ್ತಾನೆ," ಅಂದಳು ಫಾನೇರಿ, ಬಟ್ಟೆಯಿಂದ ತಲೆ ಎತ್ತದೆ.

"ಏನು? ನಿಮ್ಮಪ್ಪ ನನಗೆ ಕೊಟ್ಟ ಹುಟ್ಟು ಕಣೇ ಅದು!"

"ಐದು ಗಂಟೆ ಸಕ್ಕರೆ ಹಬೆಯಲ್ಲಿ ಮುಖ ಇಟ್ಟು ನಿಂತು, ಆಮೇಲೆ ತಳ ಕೆರೆದು ತಿಂದು, ಮತ್ತೆ ಮೇಷ್ಟ್ರ ಮೀಸೆ ಬೋಳಿಸ್ತೀಯಾ? ಬೇಡ. ನೀನು ವಾಸಿಯಾಗಿದ್ದೀಯ. ನನಗೆ ಅಷ್ಟು ಸಾಕು."

ಅವಳ ದನಿಯಲ್ಲಿ ಪ್ರೀತಿಯಿತ್ತು, ಅದೇ ದೊಡ್ಡ ತೊಂದರೆ. ಬೈಗುಳಕ್ಕಾದರೆ ಎದುರುತ್ತರ ಕೊಡಬಹುದಿತ್ತು.

ಹದಿನಾರನೆಯ ತಾರೀಕು ಬೆಳಗ್ಗೆ ಹಿತ್ತಲು ತುಂಬಿತು. ಒಲೆ ಹೊತ್ತಿತು, ಹಾಲು ಸುರಿಯಿತು. ನಲವತ್ತು ಮನೆಯವರು ತಂದಿಟ್ಟ ಸೋರೆಬುರುಡೆಯ ಬಟ್ಟಲುಗಳು ಗೋಡೆಯುದ್ದಕ್ಕೂ ಬಾಯಿ ತೆರೆದು ಕೂತಿದ್ದವು. ಎಬೆರ್ತೊ ಅಂಗಿಯ ತೋಳು ಮಡಿಸಿ, ನನ್ನ ಹುಟ್ಟನ್ನು ಭುಜದ ಮೇಲಿಟ್ಟುಕೊಂಡು, "ಏನು ಭಾವ, ದೂರ ನಿಂತ್ಕೋ, ಹಬೆ ಬಡಿದೀತು" ಅಂದ.

ಇಪ್ಪತ್ತೆರಡು ವರ್ಷದ ಮರ್ಯಾದೆ ನನ್ನ ಬಾಯಿ ತೆರೆಸಿತು.

"ಎಲ್ಲರೂ ಕೇಳಿ!" ಎಂದು ಕಲ್ಲಿನ ಮೇಲೆ ಹತ್ತಿದೆ. "ನಾನು ಸಕ್ಕರೆ, ಹಿಟ್ಟು ಯಾವುದನ್ನೂ ಬಿಟ್ಟಿಲ್ಲ! ದಿನಕ್ಕೆ ಎರಡು ಪಾಂಡೆಬೋನೊ ತಿಂದಿದ್ದೀನಿ. ಶನಿವಾರ ಮೂರು. ಆದರೂ ನನ್ನ ಕೈ ನೋಡಿ! ಹಾಗಾದ್ರೆ ಗಾಬರಿಗೆ ಮೂಲ ಸಕ್ಕರೆ ಹೇಗಾಯ್ತು? ಆ ಡಾಕ್ಟರಮ್ಮ ನಿರಪರಾಧಿಗೆ ಶಿಕ್ಷೆ ಕೊಡಿಸಿದ್ದಾಳೆ!"

ಏಳು ಮನೆಯ ಗಂಡಸರು ಒಟ್ಟಿಗೆ ಹೋ ಎಂದರು. ಬಸ್ಸಿನವನು ಓಡಿಬಂದು ನನ್ನನ್ನು ತಬ್ಬಿಕೊಂಡು, "ಅಣ್ಣಾ, ದೇವರು ನೀನು" ಅಂದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫಾನೇರಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಟವೆಲ್ಲಿನ ಅಡಿಯಲ್ಲಾ?" ಅಂದಳು.

"ಹೂಂ."

"ಪಾಪ ಸುಸ್ತಾಗಿದ್ದಾನೆ ಅಂದ್ಕೊಂಡೆನಲ್ಲೋ, ಕಳ್ಳ! ಸರಿ. ಹಾಗಾದ್ರೆ ನಿನ್ನ ಗಾಬರಿ ಹೋಗಿದ್ದು ಹೇಗೆ? ಅದನ್ನ ಹೇಳು."

ಉತ್ತರ ಇದ್ದದ್ದು ರುಬಿಯೇಲಾಳಲ್ಲಿ. ಅವಳು ಎಲ್ಲರಿಗೂ ಟಿಂಟೊ ಬಗ್ಗಿಸುತ್ತಾ ಬಂದವಳು, ನನ್ನ ಮುಂದೆ ನಿಂತು ಕಣ್ಣಲ್ಲಿ ನೀರು ತಂದುಕೊಂಡಳು.

"ಪಾಂಡೆಬೋನೊ ಬಿಡೋಕಾಗ್ಲಿಲ್ಲ, ನನ್ನ ಟಿಂಟೊ ಮಾತ್ರ ಬಿಟ್ರಲ್ಲ ದೋನ್ ಅರ್ನೋಬಿಯೊ! ನಾನೇನು ಪಾಪ ಮಾಡಿದ್ದೆ? ದಿನಕ್ಕೆ ಹನ್ನೊಂದು ಲೋಟ ಕುಡೀತಿದ್ರಿ. ಮೂರು ವಾರದಿಂದ ಒಂದೂ ಇಲ್ಲ!"

"ಹನ್ನೊಂದು?" ಅಂದಳು ಫಾನೇರಿ.

"ಹಬ್ಬದ ಮುಂಚೆ ಗಿರಾಕಿ ಜಾಸ್ತಿ ಇದ್ರೆ ಹದಿನಾಲ್ಕು," ಅಂದಳು ಆ ಪುಣ್ಯಾತ್ಗಿತ್ತಿ, ಹೆಮ್ಮೆಯಿಂದ.

ನಾನು ಕಲ್ಲಿನಿಂದ ಮೆಲ್ಲಗೆ ಇಳಿದೆ. ಇಡೀ ಹಿತ್ತಲು ಲೆಕ್ಕ ಹಾಕುತ್ತಿತ್ತು. ದೋನ್ ಎವೆಲಿಯೊ ಗಂಟಲು ಸರಿಮಾಡಿಕೊಂಡು, ಪಾಠ ಒಪ್ಪಿಸುವ ದನಿಯಲ್ಲಿ, "ಹನ್ನೊಂದು ಲೋಟ ಕರಿ ಕಾಫಿ ಕುಡಿದರೆ ಸಂತರ ವಿಗ್ರಹವೂ ನಡುಗೀತು" ಅಂದರು. ಸಕ್ಕರೆ ಕೆಲವರಿಗೆ ಒಗ್ಗದಿರಬಹುದು, ಅದು ಬೇರೆ ಮಾತು, ಇವನ ಕೇಸು ಮಾತ್ರ ಸ್ಪಷ್ಟವಾಗಿದೆ ಎಂದೂ ಸೇರಿಸಿದರು.

ಫಾನೇರಿ ನ್ಯಾಯವಂತೆ, ಅದನ್ನು ಒಪ್ಪಲೇಬೇಕು. ಅಣ್ಣನ ಕೈಯಿಂದ ಹುಟ್ಟನ್ನು ತೆಗೆದು ನನ್ನ ಕೈಗೆ ಕೊಟ್ಟಳು. "ತಗೋ. ಸಕ್ಕರೆ ನಿನ್ನದು, ಅನ್ನ ನಿನ್ನದು, ಹುಟ್ಟೂ ನಿನ್ನದು. ತಪ್ಪು ನನ್ನದೇ." ಆಮೇಲೆ ತಿರುಗಿ ನಿಂತು, ಬೀದಿಗೆಲ್ಲ ಕೇಳುವಂತೆ, "ರುಬಿಯೇಲಾ, ಇನ್ಮೇಲೆ ಈ ಮನುಷ್ಯನಿಗೆ ಒಂದು ತೊಟ್ಟು ಟಿಂಟೊ ಕೊಟ್ಟೆಯೋ, ನಿನ್ನ ಗಾಡಿ ನನ್ನ ಕಿಟಕಿ ಕೆಳಗೆ ನಿಲ್ಲೋ ಹಾಗಿಲ್ಲ!" ಅಂದಳು.

ಅಷ್ಟಾದರೂ ನಾನು ಗೆದ್ದಿದ್ದೆ. ಗೆದ್ದ ಖುಷಿಗೆ ಬಸ್ಸಿನವನು ಬಿಸಿ ಪಾಂಡೆಬೋನೊ ತಂದುಕೊಟ್ಟ, ನಾಲ್ಕು ತಿಂದೆ, ಬಹಿರಂಗವಾಗಿ. ಬೆಲ್ಲದ ನೀರು ಎರಡು ಲೋಟ ಕುಡಿದೆ. ಹುಟ್ಟು ಹಿಡಿದು ತಿರುವಲು ನಿಂತೆ.

ಇಪ್ಪತ್ತೆರಡು ವರ್ಷವೂ ಹೀಗೆ ನಿಂತಾಗ ಅರ್ಧ ಗಂಟೆಗೊಮ್ಮೆ ಯಾರಾದರೊಬ್ಬರು ನನ್ನ ಬಾಯಿಗೆ ಟಿಂಟೊ ಹಿಡಿಯುತ್ತಿದ್ದರು. ನನ್ನ ಎದೆ ಬಡಿದುಕೊಳ್ಳುತ್ತಿತ್ತು. ತಳ ಹತ್ತಿತೇನೋ, ಉರಿ ಜೋರಾಯಿತೇನೋ, ಹಾಲು ಒಡೆಯಿತೇನೋ ಎಂದು ಒಂದು ಕ್ಷಣವೂ ಕಣ್ಣು ರೆಪ್ಪೆ ಬಡಿಯುತ್ತಿರಲಿಲ್ಲ. ಈ ಸಲ ಎದೆ ತಣ್ಣಗಿತ್ತು. ಹಾಲು ಗುಳುಗುಳು ಅನ್ನುತ್ತಿತ್ತು. ಹಬೆ ಬೆಚ್ಚಗಿತ್ತು. ಹೊಟ್ಟೆ ತುಂಬಿತ್ತು. ಸೀದರೆ ಸೀಯಲಿ, ಲೋಕವೇನೂ ಮುಳುಗುವುದಿಲ್ಲ ಎಂಬ ಎಂದೂ ಕಾಣದ ಮಹಾಜ್ಞಾನ ನನಗೆ ಮೂರನೆಯ ಗಂಟೆಯಲ್ಲಿ ಉದಯಿಸಿತು. ಮುಂದಿನದು ನೆನಪಿಲ್ಲ. ಹೆಂಗಸರು ಮಾತಿನಲ್ಲಿ ಮುಳುಗಿದ್ದರಂತೆ, ನಾನು ಹುಟ್ಟಿಗೆ ಗಲ್ಲ ಆನಿಸಿ ನಿಂತೇ ಇದ್ದೆನಂತೆ. ಪ್ರಾರ್ಥನೆ ಮಾಡುತ್ತಿದ್ದಾನೆ ಅಂದುಕೊಂಡರಂತೆ.

"ಸೀದ ವಾಸನೆ!" ಎಂದು ಎಬೆರ್ತೊ ಕೂಗಿದಾಗ ಎಚ್ಚರವಾಯಿತು. ಕೊಪ್ಪರಿಗೆಯ ಒಳಗೆ ಕಂದು ಬಣ್ಣ ದಾಟಿ ಕಪ್ಪಾಗಿತ್ತು. ನಲವತ್ತು ಬಟ್ಟಲುಗಳು ನನ್ನನ್ನೇ ನೋಡುತ್ತಿದ್ದವು. ಬಸ್ಸಿನವನು ತಬ್ಬಿಕೊಳ್ಳಲು ಬರಲಿಲ್ಲ.

ಇನ್ನೊಂದು ಮನೆಯ ಕೊಪ್ಪರಿಗೆ ಬಂತು, ಇನ್ನಷ್ಟು ಹಾಲು ಬಂತು. ಹುಟ್ಟು ನನ್ನ ಕೈ ಬಿಟ್ಟು ಎಬೆರ್ತೊನ ಕೈ ಸೇರಿತು. ಅವನು ಎಡಗೈಯಲ್ಲಿ ಟಿಂಟೊ ಲೋಟ ಹಿಡಿದು, ಬಲಗೈಯಲ್ಲಿ ತಿರುವುತ್ತಾ, ತಳ ಹತ್ತದಂತೆ ಕಣ್ಣರಳಿಸಿ ನೋಡುತ್ತಾ ನಿಂತ. ಅವನಿಗೂ ಆತಂಕ ಶುರುವಾದದ್ದನ್ನು ನಾನು ಅಂದೇ ಮೊದಲು ಕಂಡದ್ದು.

ನಾನು ಹಿತ್ತಲ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದೆ. ಫಾನೇರಿ ಸೀದ ಕೊಪ್ಪರಿಗೆಯನ್ನು ದರದರ ಎಳೆದುಕೊಂಡು ಬಂದು ನನ್ನ ಕಾಲ ಬಳಿ ನಿಲ್ಲಿಸಿ, ಕೈಗೆ ಒಂದು ಚಮಚ ಕೊಟ್ಟಳು.

"ತಳ ನನ್ನ ಹಕ್ಕು, ತಳ ನನ್ನ ಹಕ್ಕು ಅಂತ ಇಪ್ಪತ್ತೆರಡು ವರ್ಷ ಕುಣಿದೆಯಲ್ಲ? ತಿನ್ನು ಮಾರಾಯ. ಈ ಸಲ ಇಡೀ ಕೊಪ್ಪರಿಗೆನೇ ತಳ."

ಕೆರೆದೆ. ಬಾಯಿಗಿಟ್ಟೆ. ಕಡುಕಹಿ, ಕಡುಕಪ್ಪು, ಗಂಟಲಿಗೆ ಸುಟ್ಟ ಘಾಟು, ಕೊನೆಯಲ್ಲಿ ಎಲ್ಲೋ ಒಂದಿಷ್ಟು ಸಿಹಿ. ಅರೆ, ಈ ರುಚಿ ನನಗೆ ಗೊತ್ತು! ಸಾಕ್ಷಾತ್ ರುಬಿಯೇಲಾಳ ಟಿಂಟೊ. ಫಾನೇರಿ ನೋಡುತ್ತಿದ್ದಳಾದ್ದರಿಂದ ಮುಖ ಆದಷ್ಟು ಹುಳ್ಳಗೆ ಮಾಡಿಕೊಂಡು ಇನ್ನೊಂದು ಚಮಚ ಕೆರೆದುಕೊಂಡೆ.