ಜಹಗೀರದಾರ ಸಾಹೇಬರಿಗೆ ನಾನು ಓದಿದ ಯುರೋಪು

ಇತಿಹಾಸ ಕಲಿಸುವವನಿಗೆ ಒಂದು ಪೀಡೆ ಇದೆ. ಸಮುದ್ರದಾಚೆ ಎಂದೋ ಮಣ್ಣಾದ ರಾಜರ ಸುದ್ದಿ ತೆಗೆದರೂ ಇಲ್ಲಿ ಯಾರಿಗೋ ಅದು ತಮ್ಮ ಮನೆಯ ಸುದ್ದಿಯೇ ಅನಿಸಿಬಿಡುತ್ತದೆ. ನಿಜಾಮರ ಕಾಲದಲ್ಲಿ ಭಾಲ್ಕಿಯಲ್ಲೂ ಬೀದರಿನಲ್ಲೂ ಮಾಸ್ತರಿಕೆ ಮಾಡಿದ ನನಗೆ ಇದು ಮತ್ತೆ ಮತ್ತೆ ಆಗಿದೆ.

೧. ಏಣಿಯ ತಳ

ಭಾಲ್ಕಿಯ ಸಾಲಿಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದ ದಿನ ನಾನು ಯುರೋಪಿನ ಊಳಿಗಮಾನ್ಯ ಪದ್ಧತಿಯ ಪಾಠ ಮಾಡುತ್ತಿದ್ದೆ. ಪುಸ್ತಕ ಉರ್ದು, ವಿವರಣೆ ಕನ್ನಡ. ಹಲಗೆಯ ಮೇಲೆ ಒಂದು ಏಣಿ ಬರೆದೆ. ತುದಿಗೆ ರಾಜ, ಅವನ ಕೆಳಗೆ ಜಮೀನು ಪಡೆದ ಧಣಿ, ಅವನ ಕೆಳಗೆ ಕುದುರೆ ಏರಿದ ಸರದಾರ, ತಳದಲ್ಲಿ ರೈತ. "ಈ ರೈತ ಧಣಿಯ ಪರವಾನಗಿ ಇಲ್ಲದೆ ಊರು ಬಿಡೋ ಹಾಂಗಿಲ್ಲ" ಎಂದೆ.

ಇನ್ಸ್‌ಪೆಕ್ಟರರು ಒಬ್ಬ ಹುಡುಗನನ್ನು ಎಬ್ಬಿಸಿದರು. "ಅಂಥವ್ರು ಈಗೂ ಅದಾರೇನು?"

"ಅದಾರ್ರಿ. ನಮ್ಮ ಮಾಸ್ತರ್ರು."

"ಹ್ಯಾಂಗ?"

"ತಂಗಿ ಲಗ್ನಕ್ಕ ಹೋಗ್ಲಿಕ್ಕ ರಜಾ ಕೇಳ್ಯಾರ್ರಿ. ಹೆಡ್‌ಮಾಸ್ತರ್ರು ಬೀದರಿಗೆ ಬರದಾರ, ಬೀದರಿನವರು ಹೈದರಾಬಾದಿಗೆ ಬರದಾರ. ಪರವಾನಗಿ ಇನ್ನೂ ಬಂದಿಲ್ರಿ. ತಂಗಿಗೆ ಕೂಸು ಹುಟ್ಯಾದ."

ನನ್ನ ಕೈಯ ಸೀಮೆಸುಣ್ಣ ಬಿತ್ತು. ಇನ್ಸ್‌ಪೆಕ್ಟರರು ನಗಲಿಲ್ಲ. ಅದನ್ನು ಎತ್ತಿಕೊಂಡು ಏಣಿಯ ತಳಕ್ಕೆ ಇನ್ನೊಂದು ಮೆಟ್ಟಿಲು ಎಳೆದರು. "ಇಲ್ಲಿ ನನ್ನ ಹೆಸರು ಬರ್ಕೋರಿ ಮಾಸ್ತರ. ನಾ ರಜಾ ಕೇಳಿದ್ದು ಮಗನ ಮೊದಲ ಕೂದಲ ತೆಗಸೋ ಜಾವಳಕ್ಕ. ಈಗ ಅವ ಸಾಲಿಗೆ ಹೊಂಟಾನ."

೨. ಸಿಂಹದ ಗಲ್ಲ

ಮುಂದೆ ನನಗೆ ಬೀದರಿಗೆ ವರ್ಗವಾಯಿತು. ಔರಾದ ಕಡೆ ನಾಲ್ಕು ಹಳ್ಳಿ ಉಣ್ಣುತ್ತಿದ್ದ ಜಹಗೀರದಾರರೊಬ್ಬರು ಶುಕ್ರವಾರ, ಸೂಟಿಯ ದಿನ, ನನ್ನನ್ನು ಕರೆಸಿಕೊಳ್ಳುತ್ತಿದ್ದರು. ಯುರೋಪಿನ ಧಣಿಗಳ ಕಥೆ ಓದಿ ಹೇಳುವುದು ನನ್ನ ಕೆಲಸ. ಮುಖಕ್ಕೂ ಕಬ್ಬಿಣ ತೊಟ್ಟ ಧಣಿಯನ್ನು ಗುರುತು ಹಿಡಿಯಲೆಂದು ಗುರಾಣಿಯ ಮೇಲೆ ಸಿಂಹವನ್ನೋ ಹದ್ದನ್ನೋ ಬರೆಸುತ್ತಿದ್ದರು ಎಂದು ಓದಿದ್ದೇ ತಡ, ಸಾಹೇಬರಿಗೂ ಒಂದು ಸಿಂಹ ಬೇಕಾಯಿತು. ಬೀದರಿನ ಬಿದ್ರಿ ಕೆಲಸದ ಉಸ್ತಾದರಿಗೆ ಹೇಳಿ ಕಳಿಸಿದರು.

ಕಪ್ಪು ಗುರಾಣಿ, ಬೆಳ್ಳಿ ಎಳೆಯ ಸಿಂಹ. ಕೆಲಸವೇನೋ ಕಣ್ಣಿಗೆ ಹಬ್ಬ. ಆದರೆ ಸಿಂಹದ ಎಡಗಲ್ಲ ನಿಂಬೆಹಣ್ಣಿನಷ್ಟು ಉಬ್ಬಿತ್ತು.

"ಏನ್ರಿ ಉಸ್ತಾದ, ಸಿಂಹಕ್ಕ ಹಲ್ಲು ಬ್ಯಾನಿಯೇನು?" ಎಂದು ನಾನೇ ಕೇಳಿದೆ.

ಉಸ್ತಾದರು ಸಾಹೇಬರ ಕಡೆ ತಿರುಗಿ ಸಲಾಮು ಮಾಡಿದರು. "ನಾ ಸಿಂಹ ಕಂಡವನಲ್ಲ ಸರಕಾರ್. 'ನಮ್ಮ ಸಾಹೇಬ್ರು ಸಿಂಹ ಇದ್ದಂಗ' ಅಂತ ನಿಮ್ಮ ಕಾರಭಾರಿ ಹೇಳಿದ್ರು. ಅದಕ್ಕ ನಿಮ್ಮ ಮಾರಿ ನೋಡೇ ಕೆತ್ತೇನಿ."

ಬೈಯಲಿಕ್ಕೆ ಬಾಯಿ ತೆರೆಯಬೇಕಾದರೆ ಸಾಹೇಬರು ಮೊದಲು ಎಡಗಲ್ಲದ ಪಾನು ಉಗುಳಬೇಕಾಯಿತು.

೩. ಎರಡೂ ಕೈ

ಇನ್ನೊಂದು ಶುಕ್ರವಾರ ಪ್ರಮಾಣದ ವಿಧಿ ಓದಿದೆ. ಕೆಳಗಿನವನು ಮೊಣಕಾಲೂರಿ, ಕೈ ಜೋಡಿಸಿ, ಆ ಕೈಗಳನ್ನು ಧಣಿಯ ಎರಡು ಅಂಗೈಗಳ ನಡುವೆ ಇಟ್ಟು "ಇಂದಿನಿಂದ ನಾನು ನಿಮ್ಮವನು" ಎನ್ನಬೇಕು. ಸಾಹೇಬರು ಹಿಗ್ಗಿ ಹೀರೆಕಾಯಿ ಆದರು. ಮರುವಾರ ಎಕಂಬಾದ ಹತ್ತಿರದ ತಮ್ಮ ಹಳ್ಳಿಯ ಚಾವಡಿಗೆ ಜನರನ್ನೆಲ್ಲ ಕರೆಸಿದರು. ಪುಸ್ತಕ ಹಿಡಿದು ಪಕ್ಕದಲ್ಲಿ ನಾನು.

ಮೊದಲು ಬಂದವಳು ಒಬ್ಬ ಮುದುಕಿ. ಗಂಡ ಸತ್ತ ಮೇಲೆ ಒಬ್ಬಳೇ ಒಕ್ಕಲುತನ ಮಾಡುವವಳು. ಕೈ ಇಟ್ಟಳು, ಹೇಳಿಕೊಟ್ಟದ್ದನ್ನು ಅಂದಳು. ಅಲ್ಲಿಗೆ ಮುಗಿಸಬಹುದಿತ್ತು. ಮಾಸ್ತರಿಕೆಯ ಚಟ ನೋಡಿ, ಉಳಿದ ಸಾಲನ್ನೂ ಓದಿಬಿಟ್ಟೆ: "ಧಣಿಯೂ 'ನಿನ್ನನ್ನು ಕಾಯುತ್ತೇನೆ' ಎಂದು ಮಾತು ಕೊಡತಕ್ಕದ್ದು."

"ಕಾಯ್ತೇನಿ" ಎಂದರು ಸಾಹೇಬರು, ದೊಡ್ಡ ದನಿಯಲ್ಲಿ.

ಮುದುಕಿ ತನ್ನ ಕೈ ಬಿಡಿಸಿಕೊಂಡು ಅವರ ಎರಡೂ ಕೈ ಗಟ್ಟಿಯಾಗಿ ಹಿಡಿದಳು. "ಹಂಗಾರ ನಡೀರಿ ಧಣಿ, ಹೊಲಕ್ಕ."

"ಯಾಕವ್ವ? ಯಾರಿಂದ ಕಾಯಬೇಕು?"

"ನಿಮ್ಮ ಚಿಗರಿಯಿಂದ್ರಿ."

ಆ ಸೀಮೆಯ ಚಿಗರಿ, ಅಂದರೆ ಜಿಂಕೆಗಳೆಲ್ಲ ಸಾಹೇಬರ ಶಿಕಾರಿಗೆ ಮೀಸಲು. ಯಾರೂ ಅವನ್ನು ಅಟ್ಟುವಂತಿರಲಿಲ್ಲ, ಅಟ್ಟಿದವರು ದಿನವಿಡೀ ಚಾವಡಿಯ ಮುಂದೆ ಬಿಸಿಲಲ್ಲಿ ನಿಲ್ಲಬೇಕು. ಮುದುಕಿ ಎರಡು ಸಲ ನಿಂತವಳು. ಈ ಸಲದ ಜೋಳವೂ ಹೋದರೆ ಅವಳ ಒಲೆ ಹೊತ್ತುವಂತಿರಲಿಲ್ಲ. ಹಿಡಿದ ಕೈ ಬಿಡಲಿಲ್ಲ.

ಊರೆದುರು ಆಡಿದ ಮಾತು. ಸಾಹೇಬರು ಹೋದರು. ಶೇರವಾನಿ ತೊಟ್ಟೇ ಹೊಲ ಕಾಯುವ ಮಂಚಿಕೆ ಹತ್ತಿ ಕೂತರು. ಸ್ವಲ್ಪ ಹೊತ್ತಿಗೆ ಹಿಂಡು ಬಂತು. ಸಾಹೇಬರು ಎದ್ದು ನಿಂತು ರುಮಾಲು ಬೀಸಿ "ಹಟ್! ಹಟ್!" ಎಂದು ಕೂಗಿದರು. ಅವು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಜೋಳಕ್ಕೆ ಬಾಯಿ ಹಾಕಿದವು.

"ಯಾಕ ಅಂಜವಲ್ಲವು?"

"ಯಾಕ ಅಂಜ್ತಾವ್ರಿ? ಸರಕಾರಿ ಚಿಗರಿ. ಹುಟ್ಟಿದಾಗಿಂದ ಯಾರೂ ಗದರಿಸಿಲ್ಲ" ಎಂದಳು ಮುದುಕಿ.

ಕೊನೆಗೆ ಸಾಹೇಬರೇ ಕೆಳಗಿಳಿದು, ಪಾಯಿಜಾಮ ಎತ್ತಿ ಕಟ್ಟಿ, ಹೊಲದ ತುಂಬ ಓಡಿದರು. ಹಿಂದೆ ಕಾರಭಾರಿ, ಅವನ ಹಿಂದೆ ನಾನು. ಹಿಂಡು ಹೋಯಿತು. ಸಾಹೇಬರು ಏದುಸಿರು ಬಿಡುತ್ತ ಬದುವಿನ ಮೇಲೆ ಕೂತು, ತುಳಿದ ಜೋಳವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಇವತ್ತಿನಿಂದ ಯಾರ್ ಬೇಕಾದ್ರೂ ಅಟ್ರಿ" ಎಂದರು. ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಮಜ್ಜಿಗೆ ತಂದುಕೊಟ್ಟಳು.

ಸುದ್ದಿ ಹಬ್ಬಿತು. ಮುಂದಿನ ಶುಕ್ರವಾರ ಹೋದರೆ ಸಾಹೇಬರ ದೇವಡಿ ಮನೆಯ ಬಾಗಿಲಿನಿಂದ ಬಾವಿಯವರೆಗೆ ಜನ, ಎಲ್ಲರೂ ಕೈ ಜೋಡಿಸಿಕೊಂಡೇ ಸಾಲುಗಟ್ಟಿ ನಿಂತಿದ್ದಾರೆ. ಒಬ್ಬನ ಹೊಲಕ್ಕೆ ಹಂದಿ, ಒಬ್ಬನ ಮನೆ ಮೇಲೆ ಮಂಗ, ಮತ್ತೊಬ್ಬನಿಗೆ ಹೆಂಡತಿಯ ತವರಿನವರ ಕಾಟ. ಒಳಗೆ ಸಾಹೇಬರು ಎರಡೂ ಕೈಯನ್ನು ಶೇರವಾನಿಯ ಜೇಬಿನಲ್ಲಿ ಹುಗಿದುಕೊಂಡು ಕೂತಿದ್ದರು.

"ಮಾಸ್ತರ," ಎಂದರು ಮೆಲ್ಲಗೆ, "ಕೈ ಹಿಡಿಯೋದು ಓದಿದ್ರಿ. ಕೈ ಬಿಡಿಸ್ಕೊಳ್ಳೋದು ಯಾವ ಪುಟದಾಗ ಅದ, ಲಗೂನ ತೆಗೀರಿ!"