ಖಾನಾಪುರದವ ಹೆಂಗ ಅದಾನ?

ನಾನು ಯಾವ ಕೆಲಸವನ್ನೂ ಸಣ್ಣದಾಗಿ ಮಾಡಿದವನಲ್ಲ. ಹಾಗಾಗಿ ನನಗಾಗುವ ಫಜೀತಿಗಳೂ ಸಣ್ಣವಲ್ಲ. ಬೇರೆಯವರ ಗಾಡಿ ಎಲ್ಲೋ ಮೂಲೆಯಲ್ಲಿ ಕೆಡುತ್ತದೆ, ರಿಪೇರಿಯಾಗುತ್ತದೆ, ಮುಗಿಯುತ್ತದೆ. ನನ್ನದು ಕೆಟ್ಟರೆ ಎರಡು ಊರು ಎದ್ದು ನಿಲ್ಲುತ್ತವೆ.

ಖಾನಾಪುರದ ಬಾಜು ಇರುವ ನಮ್ಮ ಹಳ್ಳಿಗೆ ಮೊದಲ ಟರ್ಬೊ ಗಾಡಿ ತಂದವನು ನಾನು. ಹಿಂದಿನ ಗಾಜಿನ ತುಂಬ ‘ಟರ್ಬೊ’ ಎಂದು ಕೆಂಪು ಅಕ್ಷರದಲ್ಲಿ ಬರೆಸಿದ್ದೆ. ಹಿಂದೆ ಬರುವವರಿಗೆ ತಾವು ಯಾಕೆ ಹಿಂದೆ ಬಿದ್ದಿದ್ದೇವೆ ಅನ್ನುವುದು ತಿಳಿಯಬೇಕಲ್ಲ. ಅಂಥ ಗಾಡಿಯ ಟರ್ಬೊ ಕೆಟ್ಟಿತು. ಅದನ್ನು ಸರಿ ಮಾಡುವ ಅಂಗಡಿ ಹುಡುಕುವುದರೊಳಗೆ ನನ್ನ ಲಗ್ನವೇ ಕೆಡುವುದರಲ್ಲಿತ್ತು. ಇದನ್ನು ನಾನು ನಗಿಸಲಿಕ್ಕೆ ಹೇಳುತ್ತಿಲ್ಲ. ಆದರೆ ಹೇಳಿದಲ್ಲೆಲ್ಲ ಮಂದಿ ನಗುತ್ತಾರೆ.

ಸೊಳ್ಳೆ ಹೊಗೆ

ಅವ್ವ, ಸೋದರಮಾವ ಮತ್ತು ನಾನು ಹೆಣ್ಣು ನೋಡಲು ಬೆಳಗಾವಿಯ ಮಹಾಂತೇಶ ನಗರಕ್ಕೆ ಹೋಗಿದ್ದೆವು. ಹುಡುಗಿಯ ಅಪ್ಪ ಕಾಳುಕಡಿ ವ್ಯಾಪಾರಿ. ಹಣೆ ತುಂಬ ವಿಭೂತಿ. ಮಾತನ್ನೂ ತಕ್ಕಡಿಯಲ್ಲಿಟ್ಟು ತೂಗಿ ಕೊಡುವ ಮನುಷ್ಯ. ನಗುವುದಂತೂ ಅಂಗಡಿಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ನಮಗೆಷ್ಟು ಹೊಲ ಐತಿ, ಎಷ್ಟು ಎಮ್ಮಿ ಅದಾವು ಅಂತ ಅವರು ಕೇಳಲೇ ಇಲ್ಲ. ಕೇಳಿದ್ದು ಒಂದೇ ಮಾತು.

“ಹುಡುಗ ಎಣ್ಣಿ-ಗಿಣ್ಣಿ ಮುಟ್ಟಂಗಿಲ್ಲಲ್ಲ?”

ನಮ್ಮ ಕಡೆ ಎಣ್ಣೆ ಅಂದರೆ ಎರಡು. ಒಗ್ಗರಣೆಗೆ ಹಾಕುವುದೊಂದು, ಸಂಜೆಗೆ ಗಂಟಲಿಗೆ ಹಾಕುವುದೊಂದು. ಅವರು ಕೇಳಿದ್ದು ಎರಡನೆಯದು. ಅದರ ವಾಸನೆಯೂ ನನಗೆ ಗೊತ್ತಿಲ್ಲ ಎಂದು ಎದೆ ಮುಂದೆ ಮಾಡಿ ಹೇಳಿದೆ. ಖರೇನೂ ಇತ್ತು.

ಹೊರಡುವಾಗ ಓಣಿ ನೋಡಲಿ ಅಂತ ಗಾಡಿಯ ಆಕ್ಸಿಲರೇಟರ್ ಜೋರಾಗಿ ತುಳಿದೆ. ಒಳಗೆ ಏನೋ ಸೀಟಿ ಹೊಡೆದಂತಾಯಿತು. ಅದರ ಬೆನ್ನಿಗೇ ಹಿಂದಿನಿಂದ ಬೆಳ್ಳನೆಯ ಹೊಗೆ ಎದ್ದು ಇಡೀ ಓಣಿ ಮಾಯವಾಯಿತು. ಮುನಸಿಪಾಲ್ಟಿಯವರು ಸೊಳ್ಳೆಗೆ ಹೊಗೆ ಹೊಡೆಯಲು ಬಂದಿದ್ದಾರೆಂದು ಹೆಂಗಸರು ಪಟಪಟ ಕಿಡಕಿ ಮುಚ್ಚಿಕೊಂಡರು. ಒಂದು ಕಿಡಕಿ ಮಾತ್ರ ಮುಚ್ಚಲಿಲ್ಲ. ಅಲ್ಲಿ ನಾನು ನೋಡಲು ಬಂದ ಹುಡುಗಿ ನಿಂತಿದ್ದಳು. ಮೂಗಿಗೆ ಸೆರಗು ಕೂಡ ಹಿಡಿಯದೆ, ಗಾಡಿಗೆ ಬೆಂಕಿ ಹತ್ತಿತೇನೋ ಎಂದು ಬಗ್ಗಿ ನೋಡುತ್ತಿದ್ದಳು. ಲಗ್ನವಾದರೆ ಈಕೆಯನ್ನೇ ಆಗಬೇಕು ಎಂದು ನಾನು ಹೊಗೆಯೊಳಗೆ ಕೂತೇ ನಿಶ್ಚಯ ಮಾಡಿದೆ.

ಅಷ್ಟರಲ್ಲಿ ಎದುರು ಮನೆಯ ಅಜ್ಜಿ ಗಾಡಿ ಹತ್ತಿರ ಬಂದು ಗಾಜು ತಟ್ಟಿದಳು.

“ತಮ್ಮಾ, ನಮ್ಮ ಹಿತ್ತಲ ಗಟಾರಕ್ಕೂ ಒಂದೀಟ ಹೊಡದ ಹೋಗಪಾ. ಹೋದ ಸಲ ಬಂದಾವ ಹಂಗ ಹೋಗ್ಯಾನ.”

ಅಕ್ಷರದ ಮಾತು

ಬೆಳಗಾವಿಯವರ ಮುಂದೆ ಬಾನೆಟ್ ಎತ್ತುವ ಪೈಕಿ ನಾನಲ್ಲ. ಗೆಳೆಯನ ಟೆಂಪೊಕ್ಕೆ ಹಗ್ಗ ಕಟ್ಟಿ ಖಾನಾಪುರಕ್ಕೆ ಎಳೆಸಿದೆ. ಅಲ್ಲಿಯ ಗ್ಯಾರೇಜಿನವ ನಮ್ಮಪ್ಪನ ಟ್ರ್ಯಾಕ್ಟರ್ ನೋಡಿಕೊಳ್ಳುವವ, ನನ್ನನ್ನು ಚಡ್ಡಿ ಹಾಕುವಾಗಿನಿಂದ ಕಂಡವ. ಬಗ್ಗಿ ನೋಡಿ, ಟರ್ಬೊದ ಕಥೆ ಮುಗಿದೈತಿ ಎಂದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಊದುವ ಕಬ್ಬಿಣದ ಗಡ್ಡೆ, ನೋಡಲು ದೊಡ್ಡ ಬಸವನಹುಳುವಿನಂತೆ. ಒಳಗೊಂದು ಚಕ್ರ, ಎಂಜಿನ್ನಿನ ಹೊಗೆಯ ಜೋರಿಗೆ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ತಿರುಗುತ್ತದೆ. ಆ ಚಕ್ರದ ಅಚ್ಚು ಸವೆದರೆ ಎಂಜಿನ್ ಆಯಿಲ್ ಒಳಗಿಳಿದು ಸುಡುತ್ತದೆ. ಓಣಿಯ ಸೊಳ್ಳೆ ಓಡಿಸಿದ್ದು ಅದೇ ಹೊಗೆ.

ಗ್ಯಾರೇಜಿನವನ ಉಪಾಯ ಸಸಾರ ಇತ್ತು. ಟರ್ಬೊ ಕಿತ್ತು ಒಗೆದು, ತೂತಿಗೊಂದು ತಗಡು ಬಡಿಯುವುದು. ನಿಮ್ಮಪ್ಪನ ಟ್ರ್ಯಾಕ್ಟರಿಗೆ ಟರ್ಬೊ ಐತೇನು, ಅದು ಹೊಲ ಹೊಡೆಯಾಕತ್ತಿಲ್ಲೇನು ಎಂದು ನನ್ನನ್ನೇ ಕೇಳಿದ. ಹಾಗಾದರೆ ಗಾಜಿನ ಮೇಲೆ ಬರೆಸಿದ್ದಕ್ಕೆ ಏನು ಮಾಡಲಿ ಎಂದು ನಾನು ಗಂಭೀರವಾಗಿಯೇ ಕೇಳಿದೆ. ಅದು ನನಗೆ ಮರ್ಯಾದೆಯ ಪ್ರಶ್ನೆ.

“ಅಕ್ಷರ ಇರ್ಲಿ ಬಿಡೋ,” ಎಂದ. “ಅವೇನ್ ಆಯಿಲ್ ಕುಡಿತಾವೇನು?”

ಬಸ್ಸಿನ ದುಃಖ

ತಗಡಿಗೆ ಒಪ್ಪದೆ, ಮರುದಿನ ಟರ್ಬೊ ಬಿಚ್ಚಿಸಿಕೊಂಡು, ಅಂಗಿಗೆ ಜಿಡ್ಡು ಹತ್ತಬಾರದೆಂದು ಅವ್ವನ ಹಳೇ ಕೌದಿಯಲ್ಲಿ ಸುತ್ತಿ, ಖಾನಾಪುರ ಸ್ಟ್ಯಾಂಡಿನಲ್ಲಿ ಬೆಳಗಾವಿ ಬಸ್ಸು ಹತ್ತಿದೆ. ಎಡವಟ್ಟು ಭಾರ. ತೊಡೆಯ ಮೇಲಿಟ್ಟು ಎರಡೂ ಕೈಯಿಂದ ತಬ್ಬಿ ಕೂತೆ. ಮುಖ ಸಪ್ಪಗಿತ್ತು, ನಾನಾಗ ಹುಡುಗಿಯ ಮನೆಯವರು ಏನು ತಿಳಿದರೋ ಎಂಬ ಯೋಚನೆಯಲ್ಲಿದ್ದೆ.

ಬಾಜು ಕೂತ ಹೆಂಗಸು ಬಹಳ ಹೊತ್ತು ನೋಡಿ, ಕೌದಿ ಸ್ವಲ್ಪ ಸರಿಸು ತಮ್ಮಾ, ಗಾಳಿ ಆಡಲಿ ಎಂದಳು. ನನ್ನ ತಲೆಯಲ್ಲಿದ್ದದ್ದು ಟರ್ಬೊ ಒಂದೇ. ಗಾಳಿ ಎಲ್ಲೀದವ್ವಾ, ನಿನ್ನೆಯೇ ಉಸಿರು ನಿಂತೈತಿ ಎಂದೆ. ಆಕೆ ಹೌಹಾರಿ ಬಾಯಿ ಮೇಲೆ ಕೈಯಿಟ್ಟಳು. ಮತ್ತೆ ಎಲ್ಲಿಗೆ ಒಯ್ಯುತ್ತೀ ಎಂದಳು. ಬೆಳಗಾವಿಯಲ್ಲಿ ಯಾರಾದರೂ ಬಿಚ್ಚಿ ಸರಿ ಮಾಡಿಕೊಡುತ್ತಾರೇನೋ ನೋಡಬೇಕು ಎಂದೆ.

ಆಕೆ ಎದ್ದು ಡ್ರೈವರನ ಹತ್ತಿರ ಹೋಗಿ ಏನೋ ಹೇಳಿದಳು. ಹಿಂದಿನ ಸೀಟಿನ ಮುದುಕರೊಬ್ಬರು ತಲೆಯ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಡ್ರೈವರ್ ನಡುವೆ ಕೈ ಮಾಡಿದವರಿಗೂ ನಿಲ್ಲಿಸದೆ ಬಸ್ಸು ಹೊಡೆದ. ಜನ ನನ್ನ ಮೇಲೆ ಇಟ್ಟ ಈ ಗೌರವಕ್ಕೆ ನಾನು ತಕ್ಕವನೇ ಎಂದುಕೊಂಡೆ. ಕಾರಣ ಗೊತ್ತಾಗಿದ್ದು ಬಸ್ಸು ಸ್ಟ್ಯಾಂಡಿಗೆ ಹೋಗದೆ ದೊಡ್ಡ ದವಾಖಾನೆಯ ಗೇಟಿಗೇ ಹೋಗಿ ನಿಂತಾಗ. ಎಲ್ಲರೂ ಕೈಮುಗಿದು ನಿಂತಿದ್ದರು. ಇಳಿಯದೆ ಗತಿಯಿರಲಿಲ್ಲ. ಬಸ್ಸು ತಿರುವು ದಾಟುವ ತನಕ ನಾನು ದವಾಖಾನೆಯ ಮೆಟ್ಟಿಲು ಹತ್ತುತ್ತಲೇ ಇದ್ದೆ.

ಅಂಗಡಿ ಆರಿಸಿದ್ದು

ಮೊದಲು ಹೊಕ್ಕದ್ದು ಗಾಜಿನ ಬಾಗಿಲಿನ, ತಣ್ಣನೆಯ ದೊಡ್ಡ ಅಂಗಡಿ. ಟೈ ಕಟ್ಟಿದವನೊಬ್ಬ ಕೌದಿ ತೆರೆಯುವುದಕ್ಕೂ ಮೊದಲೇ, ಹೊಸಾದ ಹಾಕಬೇಕ್ರಿ ಎಂದ. ನೋಡದೆ ಹೆಂಗ ಹೇಳ್ತೀರಿ ಎಂದರೆ, ನಾವು ನೋಡುವುದಿಲ್ಲ, ಬದಲಿಸುತ್ತೇವೆ ಎಂದ. ನಾನು ಕೌದಿ ಗಂಟು ಕಟ್ಟಿಕೊಂಡು ಎದ್ದೆ.

ಎರಡನೆಯದು ಕಬ್ಬಿಣ ಕಡೆಯುವ ಲೇತ್ ಅಂಗಡಿ. ಅಲ್ಲಿಯವ ಬಲು ಉತ್ಸಾಹಿ. ನೀವು ಚಹಾ ಕುಡಿದು ಬರುವುದರೊಳಗೆ ಅಚ್ಚು ಕಡೆದು ಕೂಡಿಸುತ್ತೇನೆ ಎಂದ. ಚಕ್ರದ ತೂಕ ಸುತ್ತಲೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಬಾರದು ಎಂದು ಖಾನಾಪುರದವ ಹೇಳಿ ಕಳಿಸಿದ್ದ. ಅದನ್ನು ಯಾವುದರಲ್ಲಿ ನೋಡುತ್ತೀರಿ ಎಂದು ಕೇಳಿದೆ. ಲೇತಿನವ ಚಕ್ರ ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿ, ಸರಿ ಐತಿ ಎಂದ. ನಮ್ಮವ್ವ ಬೆಲ್ಲವನ್ನು ಹೀಗೇ ತೂಗುತ್ತಾಳೆ, ಆದರೆ ಬೆಲ್ಲ ತಿರುಗುವುದಿಲ್ಲ ಎಂದು ಹೇಳಿ ಅಲ್ಲಿಂದಲೂ ಎದ್ದೆ.

ಮೂರನೆಯದು ತಗಡಿನ ಶೆಡ್ಡು. ಮಿಸ್ತ್ರಿ ಮರಾಠಿಯವರು, ಜಂಬದಲ್ಲಿ ನನ್ನ ಅಣ್ಣ. ಪುಣೆಯ ತನಕ ಹುಡುಕಿದರೂ ನನ್ನಂಥವ ಸಿಗುವುದಿಲ್ಲ ಎಂದು ನಾನು ಕೂರುವುದರೊಳಗೆ ಎರಡು ಸಲ ಹೇಳಿದರು. ಆದರೆ ಚಕ್ರದ ತೂಕ ನೋಡುವ ಮಶೀನು ಅವರಲ್ಲಿತ್ತು. ಸರಿಯಾಗುತ್ತದೋ ಇಲ್ಲವೋ ಎಂದು ನಾನು ಎಷ್ಟು ಒತ್ತಿ ಕೇಳಿದರೂ ಒಂದೇ ಜವಾಬು.

“ಬಿಚ್ಚಿ ನೋಡದ ಹೇಳಾಕ ಬರಂಗಿಲ್ಲ ರೀ.”

ಆ ಮಾತಿಗೇ ನಾನು ಆ ಅಂಗಡಿ ಆರಿಸಿದ್ದು.

ಅವರಿಗೆ ಎರಡು ಹಟ. ಕನ್ನಡದವರ ಎದುರು ಅಪ್ಪಟ ಕನ್ನಡವನ್ನೇ ಆಡಬೇಕು, ಹಾಗಾಗಿ ‘ಆಯಿಲ್’ ಎನ್ನುವುದಿಲ್ಲ, ‘ಎಣ್ಣಿ’ ಎನ್ನುತ್ತಾರೆ. ಇನ್ನೊಂದು, ಮರಾಠಿಯಲ್ಲಿ ಸಾಮಾನುಗಳಿಗೂ ಗಂಡು ಹೆಣ್ಣು ಉಂಟಲ್ಲ, ಅದನ್ನು ಕನ್ನಡಕ್ಕೂ ತರುತ್ತಾರೆ. ಗಾಡಿ ಅಂದರೆ ‘ಅಕಿ’, ಟರ್ಬೊ ಅಂದರೆ ‘ಅವ’. ಬಂದ ಕೆಲಸಕ್ಕೆಲ್ಲ ಊರಿನ ಹೆಸರು. ಗೋಕಾಕದಿಂದ ಬಂದ ಟರ್ಬೊ ‘ಗೋಕಾಕದವ’. ನನ್ನದು ‘ಖಾನಾಪುರದವ’. ಆಗ ಇದು ನನಗೆ ತಮಾಷೆ ಅನ್ನಿಸಿತ್ತು.

ವಿಚಾರಣೆ

ಆ ವಾರವೇ ಹುಡುಗಿಯ ಅಪ್ಪ, ಬೆಳಗಾವಿಯೊಳಗ ಹುಡುಗನ್ನ ಬಲ್ಲವರು ಯಾರದಾರು ಎಂದು ನನ್ನ ಸೋದರಮಾವನನ್ನು ಕೇಳಿದರು. ಬೆಳಗಾವಿಯ ಅರ್ಧ ಊರು ನನ್ನನ್ನು ಬಲ್ಲದು ಎಂದು ನಾನು ಮೊದಲೇ ಹೇಳಿಬಿಟ್ಟಿದ್ದೆ. ಆದರೆ ಹೆಸರು ಹಿಡಿದು ಹೇಳುವಾಗ ನೆನಪಾದವರು ಮಿಸ್ತ್ರಿ ಒಬ್ಬರೇ. ಅವರ ಅಂಗಡಿಯ ಗುರುತು ಹೇಳಿ ಕಳಿಸಿದೆ.

ಎರಡು ದಿನಕ್ಕೆ ಮಾವ ಎಸ್‌ಟಿಡಿ ಬೂತಿನಿಂದ ಮುಖ ಇಳಿಬಿಟ್ಟುಕೊಂಡು ಬಂದ. ಅವರು ಬ್ಯಾಡ ಅಂದಾರ ಎಂದ. ಕಾರಣ ಕೇಳಿದರೆ ಹೇಳಲಿಲ್ಲವಂತೆ. ಅವ್ವ ಆ ದಿನ ಒಲೆ ಮುಂದಿನಿಂದ ಏಳಲಿಲ್ಲ. ನನಗೆ ಮುಚ್ಚದೆ ಉಳಿದ ಆ ಕಿಡಕಿಯೇ ಕಣ್ಣ ಮುಂದೆ ಬರುತ್ತಿತ್ತು. ಮರುದಿನ ಮಾವನನ್ನು ಕರೆದುಕೊಂಡು ನೇರ ಅವರ ಕಾಳಿನ ಅಂಗಡಿಗೆ ಹೋದೆ. ನನ್ನಲ್ಲಿ ಏನು ಐಬು ಐತಿ, ಮುಖದ ಮುಂದೆ ಹೇಳ್ರಿ ಎಂದೆ.

ಹುಡುಗಿಯ ಅಪ್ಪ ತಕ್ಕಡಿ ಕೆಳಗಿಟ್ಟರು. ವಿಚಾರಣೆಗೆ ಹೋದ ಹೆಣ್ಣಿನ ಕಡೆಯವರು ಯಾಕೆ ಕೇಳುತ್ತೇವೆಂದು ಬಾಯಿ ಬಿಡುವುದಿಲ್ಲ, ಅವರೂ ಬಿಟ್ಟಿರಲಿಲ್ಲ. ಖಾನಾಪುರದವ ಹೆಂಗ ಅದಾನ ಎಂದಷ್ಟೇ ಮಿಸ್ತ್ರಿಯನ್ನು ಕೇಳಿದ್ದರು. ಮಿಸ್ತ್ರಿ ಕೊಟ್ಟ ಜವಾಬನ್ನು ನಮ್ಮೆದುರು ಒಂದಕ್ಷರ ಬಿಡದೆ ಒಪ್ಪಿಸಿದರು.

“ಹೊರಗ ನೋಡಾಕ ಚೊಲೋ ಅದಾನ, ಒಳಗ ಪೂರಾ ಕೆಟ್ಟಾನ ಅಂದ್ರು. ಎಣ್ಣಿ-ಗಿಣ್ಣಿ ಅಂದೆ. ಅದರಿಂದನ ಕೆಟ್ಟಾನ್ರಿ, ಕುಡದು ಕುಡದು ಒಳಗ ಕರ್ರಗ ಆಗ್ಯಾನ, ಏರು ಬಂತಂದ್ರ ದಮ್ಮು ಕಟ್ಟತೈತಿ ಅಂದ್ರು. ಮನ್ಯಾಗ ಯಾರೂ ನೋಡಿಲ್ಲೇನು ಅಂದೆ. ಬರೇ ಹೊರಗ ತೊಳದು ತಿರಗಿಸ್ಯಾರ ಅಂದ್ರು.”

ಮಾವ ನನ್ನಿಂದ ಒಂದು ಹೆಜ್ಜೆ ದೂರ ಸರಿದ.

“ತಿರಗೋ ಚಟಾನೂ ಐತೇನು ಅಂದೆ. ತಿರಗೂದ ಅವನ ಕೆಲಸಾ ರೀ, ನಿಂತ್ರ ಅವನ್ನ ಯಾರ ಇಟ್ಕೋತಾರ ಅಂದ್ರು. ನಾ ಕೈಮುಗದು ಬಂದೆ.”

ನಾನು ಅಲ್ಲಿದ್ದ ಕಾಳಿನ ಚೀಲದ ಮೇಲೆಯೇ ಕೂತುಬಿಟ್ಟೆ. ಬಾಯಲ್ಲಿ ಹೇಳಿದರೆ ನಂಬುವ ಮಾತಾಗಿರಲಿಲ್ಲ. ನನ್ನ ಜೋಡಿ ಒಂದು ಸಲ ಬರ್ರಿ, ಆಮ್ಯಾಲ ಬ್ಯಾಡಂದ್ರ ಬ್ಯಾಡ ಎಂದು ಇಬ್ಬರನ್ನೂ ಆಟೊದಲ್ಲಿ ಕೂಡಿಸಿ ಶೆಡ್ಡಿಗೆ ಕರೆದೊಯ್ದೆ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಮಿಸ್ತ್ರಿಯೇ ಹುಡುಗಿಯ ಅಪ್ಪನ ಗುರುತು ಹಿಡಿದು, ಬರ್ರಿ ಬರ್ರಿ, ನಿಮ್ಮ ಖಾನಾಪುರದವ ತಯಾರ ಆಗ್ಯಾನ ಎಂದು, ಫಳಫಳ ಹೊಳೆಯುವ ಟರ್ಬೊ ಎತ್ತಿ ಅವರ ಮುಂದೆ ಮೇಜಿನ ಮೇಲಿಟ್ಟರು.

“ಇವನ ನೋಡ್ರಿ. ಇನ್ನ ಒಂದ ಹನಿ ಎಣ್ಣಿ ಮುಟ್ಟಂಗಿಲ್ಲ ಅವ. ಗ್ಯಾರಂಟಿ ನಂದು.”

ಹುಡುಗಿಯ ಅಪ್ಪ ಟರ್ಬೊ ನೋಡಿದರು. ಬೆರಳಿನಿಂದ ಒಳಗಿನ ಚಕ್ರ ಮುಟ್ಟಿದರು. ಅದು ಸಪ್ಪಳಿಲ್ಲದೆ ಸುತ್ತತೊಡಗಿತು. ಆಮೇಲೆ ಅವರು ನಿಧಾನಕ್ಕೆ ನನ್ನ ಕಡೆ ಬೆರಳು ಮಾಡಿದರು.

“ಇವಂದು?”

ಮಿಸ್ತ್ರಿ ಕೈ ಒರೆಸಿಕೊಂಡು, ನನ್ನನ್ನು ಮೇಲಿನಿಂದ ಕೆಳಗಿನ ತನಕ ಒಂದು ಸಲ ನೋಡಿದರು.

“ಬಿಚ್ಚಿ ನೋಡದ ಹೇಳಾಕ ಬರಂಗಿಲ್ಲ ರೀ.”

ವಿಭೂತಿಯ ಕೆಳಗೆ ಏನೋ ಅಲುಗಾಡಿತು. ಅದು ನಗು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವರು ಮಾವನ ಹೆಗಲ ಮೇಲೆ ಕೈಯಿಟ್ಟರು.

“ಹಂಗಾರ ನಾಳೆ ಮನಿಗೆ ಬರ್ರಿ. ಕುಂತು ಬಿಚ್ಚಿ ಮಾತಾಡೂಣು.”